ಕಡಲು ಪಕ್ಕದಲ್ಲೇ ಇದೆ, ಊಟ ಎಲ್ಲಿ? ಬೆಸೆಂಟ್ ನಗರ, ತಿರುವಾನ್ಮಿಯೂರಲ್ಲಿ ಒಳ್ಳೆ ಹೋಟೆಲ್ ಹುಡುಕೋದು ಹೇಗೆ

ವಿಡಿಯೋ ನೋಡೋಷ್ಟು ಪುರುಸೊತ್ತಿಲ್ಲ, ಬಸ್ಸಲ್ಲಿ ಓದ್ಕೊಂಡು ಹೋಗ್ತೀವಿ ಅನ್ನೋರಿಗಾಗಿ ಈ ಬರಹ. ಮಾತಾಡಿದ್ದನ್ನೇ ಸ್ವಲ್ಪ ತಿದ್ದಿದ್ದೀನಿ, ಅಲ್ಲಿ ಟೈಮ್ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯ ಇಲ್ಲಿ ಸೇರಿಸಿದ್ದೀನಿ.

ಇವತ್ತಿನ ವಿಷಯ ಊಟ. ಚೆನ್ನೈಗೆ ಕೆಲಸಕ್ಕೆ ಬರೋ ನಮ್ಮವರಲ್ಲಿ ಬಹಳ ಜನ ಓಎಂಆರ್ ಕಡೆಯ ಆಫೀಸುಗಳಿಗೇ ಬರ್ತಾರೆ. ಟೈಡಲ್ ಪಾರ್ಕ್, ತರಮಣಿ, ಅಲ್ಲಿಂದ ಕೆಳಗೆ ಶೋಳಿಂಗನಲ್ಲೂರು, ಸಿರುಸೇರಿ. ಸ್ವಲ್ಪ ಕಡಲ ಗಾಳಿ ಬೇಕು ಅನ್ನೋರು ತಿರುವಾನ್ಮಿಯೂರಲ್ಲೋ ಬೆಸೆಂಟ್ ನಗರದಲ್ಲೋ ಮನೆ ಮಾಡ್ತಾರೆ, ಇಲ್ಲಾಂದ್ರೆ ಪಿಜಿ ಹುಡುಕ್ತಾರೆ. ಮೊದಲ ವಾರ ಎಲಿಯಟ್ಸ್ ಬೀಚಲ್ಲಿ ಓಡಾಡಿ, ಕಾರ್ಲ್ ಶ್ಮಿಟ್ ಸ್ಮಾರಕದ ಮುಂದೆ ಫೋಟೋ ತೆಗೆದು ಸ್ಟೇಟಸ್ ಹಾಕಿದ್ದಾಯ್ತು. ಎರಡನೇ ವಾರದಿಂದ ಶುರು ಪ್ರಶ್ನೆ: ತಿನ್ನೋದೇನು?

ಬೀಚ್ ಎದುರಿನ ಸಾಲು ನೋಡಿ. ಪಿಜ್ಜಾ, ವಾಫಲ್, ಬರ್ಗರ್, ದೊಡ್ಡ ಗಾಜಿನ ಕೆಫೆ. ತಪ್ಪೇನಿಲ್ಲ, ಶನಿವಾರಕ್ಕೆ ಚೆಂದ. ಆದ್ರೆ ದಿನಾ ತಿನ್ನೋಕಾಗೋ ನಮ್ಮ ಊಟ, ಅಂದ್ರೆ ಅನ್ನ ಸಾರು, ಇಡ್ಲಿ, ಚಪಾತಿ, ಮೀನು, ಇವು ಆ ಸಾಲಲ್ಲಿ ಕಾಣ್ಸಲ್ಲ. ಹಾಗಾಗಿ ಹೊಸಬರು ಏನ್ಮಾಡ್ತಾರೆ ಅಂದ್ರೆ ಆ್ಯಪ್ ತೆಗೆದು ಆರ್ಡರ್ ಮಾಡ್ತಾರೆ. ಒಂದು ದಿನ, ಎರಡು ದಿನ, ಆಮೇಲೆ ಎರಡು ವರ್ಷ. ಆ್ಯಪಲ್ಲಿ ತಿಂಡಿಯ ರೇಟು ಹೋಟೆಲ್ ಬೋರ್ಡಿನ ರೇಟಿಗಿಂತ ಸಾಮಾನ್ಯವಾಗಿ ಜಾಸ್ತಿನೇ ಇರುತ್ತೆ, ಯಾಕಂದ್ರೆ ಕಮಿಷನ್ನು ಎಲ್ಲಿಂದಾದ್ರೂ ಬರಬೇಕಲ್ಲ. ಅದರ ಮೇಲೆ ಪ್ಯಾಕಿಂಗು, ಡೆಲಿವರಿ. ಒಂದು ಆರ್ಡರಿಗೆ 60 ರೂಪಾಯಿ ಹೆಚ್ಚು ಬಿತ್ತು, ತಿಂಗಳಿಗೆ 50 ಆರ್ಡರ್ ಅಂದ್ಕೊಳ್ಳಿ. 3,000 ರೂಪಾಯಿ ಆಯ್ತು. ಅದೂ ತಣ್ಣಗಾದ ದೋಸೆಗೆ.

ಮೂಲ ವಿಷಯಕ್ಕೆ ಬರ್ತೀನಿ. ಹುಡುಕೋದಕ್ಕೆ ಮೊದಲು ಎಲ್ಲರೂ ನೋಡೋದು ಮ್ಯಾಪ್‌ನ ಸ್ಟಾರ್. ನಾವು ದಿನಾ ಡೇಟಾ ಜೊತೆ ಕೆಲಸ ಮಾಡೋ ಜನ, ಆದ್ರೆ ಹಸಿವಾದಾಗ ಅದೆಲ್ಲ ಮರ್ತು 4.8 ಕಂಡ ಕಡೆ ನುಗ್ತೀವಿ. 30 ಜನ ಕೊಟ್ಟ 4.8 ಮತ್ತು 3,000 ಜನ ಕೊಟ್ಟ 4.3, ಎರಡರಲ್ಲಿ ಯಾವುದನ್ನ ನಂಬಬೇಕು? ಹೊಸ ಹೋಟೆಲಿಗೆ ಮೊದಲ 30 ರಿವ್ಯೂ ಯಾರು ಬರೀತಾರೆ ಯೋಚ್ನೆ ಮಾಡಿ. ಓನರ್ ಸ್ನೇಹಿತರು, ಭಾವಮೈದ, ಬಿಲ್ಲಲ್ಲಿ ಡಿಸ್ಕೌಂಟ್ ಸಿಗುತ್ತೆ ಅಂತ ಬರೆದವರು.

ಇದಕ್ಕೆ ಎಂಟೆಕ್ ಬೇಕಾಗಿಲ್ಲ, ಒಂದು ಚಿಕ್ಕ ಲೆಕ್ಕ ಸಾಕು. ಆ ಏರಿಯಾದ ಹೋಟೆಲುಗಳ ಸರಾಸರಿ ಸುಮಾರು 4.1 ಅಂತ ಇಟ್ಕೊಳ್ಳಿ. ಪ್ರತಿ ಹೋಟೆಲಿಗೂ ಆ ಸರಾಸರಿಯ 100 ರಿವ್ಯೂ ನಾವೇ ಸುಮ್ನೆ ಸೇರಿಸೋದು. ಮೊದಲನೆಯದು: 30 ಸಲ 4.8, 100 ಸಲ 4.1, ಒಟ್ಟು ಭಾಗಿಸಿದ್ರೆ 4.26. ಎರಡನೆಯದು: 3,000 ಸಲ 4.3, 100 ಸಲ 4.1, ಬರೋದು 4.29. ನೋಡಿದ್ರಾ, 4.8 ಹಿಂದೆ ಬಿತ್ತು. ಬೇಯ್ಸಿಯನ್ ಆ್ಯವರೇಜ್ ಅಂತ ಓದಿರ್ತೀವಲ್ಲ, ಇದೇ ಅದು. ದಿನಾ ಕ್ಯಾಲ್ಕುಲೇಟರ್ ಹಿಡ್ಕೊಂಡು ಹೋಟೆಲಿಗೆ ಹೋಗಿ ಅಂತಲ್ಲ. ರಿವ್ಯೂ ಕಡಿಮೆ ಇದ್ರೆ ಆ ನಂಬರನ್ನ ಮನಸ್ಸಲ್ಲೇ ಸ್ವಲ್ಪ ಕೆಳಗಿಳಿಸಿ ನೋಡಿ, ಅಷ್ಟೇ.

ಇನ್ನೂ ಮುಖ್ಯವಾದದ್ದು, ಸ್ಟಾರ್ ಬಿಟ್ಟು ಮಾತು ಓದೋದು. ಅದರಲ್ಲೂ ಒಂದು ಸ್ಟಾರ್ ಕೊಟ್ಟವರ ಮಾತು. 'ಪಾರ್ಕಿಂಗ್ ಇಲ್ಲ', 'ಬೇರೆಯವರ ಜೊತೆ ಟೇಬಲ್ ಹಂಚ್ಕೊಳ್ಳೋಕೆ ಹೇಳಿದ್ರು', 'ಎಸಿ ಇಲ್ಲ', '2 ಗಂಟೆಗೆ ಹೋದ್ರೆ ಊಟ ಮುಗಿದಿತ್ತು' ಇವೆಲ್ಲ ಬೈಗುಳ ಅಲ್ಲ ಸ್ವಾಮಿ, ಸರ್ಟಿಫಿಕೇಟು! ಮಾಡಿದ್ದು ಅವತ್ತೇ ಖಾಲಿಯಾಗುತ್ತೆ ಅಂತ ಅರ್ಥ. ಅದೇ 'ಎಣ್ಣೆ ವಾಸನೆ', 'ಚಟ್ನಿ ಹುಳಿ ಬಂದಿತ್ತು', 'ಹೊಟ್ಟೆ ಕೆಟ್ಟಿತು' ಅಂತ ಬೇರೆ ಬೇರೆಯವರು ಬರೆದಿದ್ರೆ ಮುಂದಕ್ಕೆ ಹೋಗಿ. ಇನ್ನೊಂದು, ತಮಿಳು ಮೆಸ್ಸಿಗೆ ಹೋಗಿ ಪನ್ನೀರ್ ಬಟರ್ ಮಸಾಲ ಚೆನ್ನಾಗಿಲ್ಲ ಅಂತ ಎರಡು ಸ್ಟಾರ್ ಕೊಟ್ಟವರ ಮಾತು ನಿಮಗೆ ಬೇಡ. ರಿವ್ಯೂಗಳ ಒಳಗೆ ಹುಡುಕೋ ಜಾಗ ಇದೆ, ಅಲ್ಲಿ ನೀವು ತಿನ್ನಬೇಕು ಅಂತಿರೋದನ್ನೇ ಟೈಪ್ ಮಾಡಿ: ಇಡ್ಲಿ, ರಸಂ, ಮೀನು. ಹೊಸದು ಮೊದಲು ಬರೋ ಹಾಗೆ ಜೋಡಿಸಿ. ಕಳೆದ ಮೂರು ತಿಂಗಳದ್ದು ಸಾಕು. ಯಾಕಂದ್ರೆ ಹೋಟೆಲಿನ ರುಚಿ ಇರೋದು ಮಾಸ್ಟರ್ ಕೈಲಿ. ಇಲ್ಲಿ ದೋಸೆ ಮಾಸ್ಟರ್, ಪರೋಟ ಮಾಸ್ಟರ್, ಟೀ ಮಾಸ್ಟರ್ ಅಂತ ಬೇರೆ ಬೇರೆ ಇರ್ತಾರೆ. ಮಾಸ್ಟರ್ ಬೇರೆ ಕಡೆ ಹೋದ್ರೆ ಬೋರ್ಡು ಅದೇ, ಸ್ಟಾರೂ ಅದೇ, ದೋಸೆ ಮಾತ್ರ ಬೇರೆ.

ಸರಿ, ಎಲ್ಲಿ ಹುಡುಕೋದು? ಕಡಲು ಕಾಣೋ ಕಡೆ ಬಾಡಿಗೆ ಜಾಸ್ತಿ. ಆ ಬಾಡಿಗೆ ನಿಮ್ಮ ಬಿಲ್ಲಿಂದಲೇ ಹೋಗಬೇಕು, ಮತ್ತೆ ಅಲ್ಲಿಗೆ ಬರೋರು ಸಮುದ್ರ ನೋಡೋಕೆ ಬರ್ತಾರೆ, ಊಟ ಸುಮಾರಾಗಿದ್ರೂ ನಡೆಯುತ್ತೆ. ಟೈಲರ್ ಕೋವೆನ್ ಅನ್ನೋ ಅಮೆರಿಕದ ಅರ್ಥಶಾಸ್ತ್ರಜ್ಞ 2012ರಲ್ಲಿ ಊಟದ ಅರ್ಥಶಾಸ್ತ್ರದ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದಾರೆ, ಅವರ ವಾದವೂ ಸುಮಾರು ಇದೇ ದಾರಿ: ಬಾಡಿಗೆ ಕಡಿಮೆ ಇರೋ ಕಡೆ ಒಳ್ಳೆ ಅಡುಗೆ ಹುಡುಕಿ. ನಮ್ಮ ಲೆಕ್ಕದಲ್ಲಿ ಹೇಳಬೇಕಂದ್ರೆ ಬೀಚಿಗೆ ಬೆನ್ನು ಹಾಕಿ ನಡೀರಿ. ಬೆಸೆಂಟ್ ನಗರದ ಒಳಗಿನ ಅವೆನ್ಯೂಗಳು, ಬಸ್ ಡಿಪೋ ಸುತ್ತಮುತ್ತ, ತಿರುವಾನ್ಮಿಯೂರಲ್ಲಿ ಮರುಂದೀಶ್ವರರ್ ದೇವಸ್ಥಾನದ ಸುತ್ತಿನ ಬೀದಿಗಳು. ದೇವಸ್ಥಾನದ ಬೀದಿ ಅಂದ್ರೆ ಬೆಳಗ್ಗೆ ಬೇಗ ಬಾಗಿಲು ತೆಗೆಯೋ ಹೋಟೆಲು ಇರಲೇಬೇಕು, ಕಾಫಿ ಚೆನ್ನಾಗಿರಲೇಬೇಕು, ಯಾಕಂದ್ರೆ ಗಿರಾಕಿಗಳು ಅದೇ ಬೀದಿಯ ಹಿರಿಯರು. ಅವರು ಒಂದು ದಿನ ಡಿಕಾಕ್ಷನ್ ನೀರಾಗಿದ್ರೂ ಜಗಳ ಆಡ್ತಾರೆ. ನಿಮ್ಮ ಪರವಾಗಿ ಕ್ವಾಲಿಟಿ ಟೆಸ್ಟಿಂಗ್ ಮಾಡೋಕೆ ಇವರಿಗಿಂತ ಒಳ್ಳೆಯವರು ಸಿಗಲ್ಲ.

ಹೆಸರಾದ ಜಾಗಗಳೂ ಇವೆ, ಇಲ್ಲ ಅಂತಲ್ಲ. ಮಧುರೈ ಮೂಲದ ಮುರುಗನ್ ಇಡ್ಲಿ ಶಾಪ್‌ನ ಹೆಸರು ಬೆಸೆಂಟ್ ನಗರದವರಿಗೆ ಚೆನ್ನಾಗಿ ಗೊತ್ತು. ಬಾಳೆ ಎಲೆ ಮೇಲೆ ಮೆತ್ತಗಿನ ಇಡ್ಲಿ, ನಾಲ್ಕು ಥರ ಚಟ್ನಿ. ಅಡ್ಯಾರ್‌ನ ಗ್ರಾಂಡ್ ಸ್ವೀಟ್ಸ್‌ನಲ್ಲಿ ಸಿಹಿಗಿಂತ ನನಗೆ ಮುಖ್ಯ ಅಂದ್ರೆ ತೊಕ್ಕು ಮತ್ತು ಪುಳಿಕಾಚಲ್, ಅಂದ್ರೆ ನಮ್ಮ ಪುಳಿಯೋಗರೆ ಗೊಜ್ಜಿನ ತಮಿಳು ಅಣ್ಣ. ಒಂದು ಬಾಟಲಿ ರೂಮಲ್ಲಿದ್ರೆ, ಬರೀ ಅನ್ನ ಮಾಡ್ಕೊಂಡ್ರೂ ರಾತ್ರಿ ಊಟ ಆಗುತ್ತೆ.

ಈಗ ನಮ್ಮವರ ದೊಡ್ಡ ದೂರು. 'ಇಲ್ಲಿ ನಮ್ಮ ತಿಂಡಿ ಸಿಗಲ್ಲ.' ಸಿಗುತ್ತೆ, ಹೆಸರು ಬೇರೆ. ಖಾರಾಬಾತ್ ಬೇಕಾ? ರವಾ ಕಿಚಡಿ ಕೇಳಿ. ಜೊತೆಗೆ ಕೇಸರಿ ತಗೊಂಡ್ರೆ ಚೌಚೌಬಾತ್ ನೀವೇ ಮಾಡ್ಕೊಂಡ ಹಾಗೆ. ಸೆಟ್ ದೋಸೆಯ ಹತ್ತಿರದ ನೆಂಟ ಕಲ್ ದೋಸೈ, ಅದಕ್ಕೆ ವಡಕರಿ ಹಾಕಿಸ್ಕೊಳ್ಳಿ, ಚೆನ್ನೈನಲ್ಲೇ ತಿನ್ನಬೇಕಾದ ಜೋಡಿ ಅದು. ಒತ್ತು ಶಾವಿಗೆ ಇಲ್ಲಿ ಇಡಿಯಪ್ಪಂ. ಮಜ್ಜಿಗೆ ಹುಳಿ ಮೋರ್ ಕುಳಂಬು. ಪಲ್ಯ ಪೊರಿಯಲ್. ಮುದ್ದೆ ಬೇಕೇ ಬೇಕು ಅನ್ನೋ ಮಂಡ್ಯ, ಹಾಸನ, ತುಮಕೂರಿನವರಿಗೆ: ಕೇಳ್ವರಗು ಅಂದ್ರೆ ರಾಗಿ, ಕಳಿ ಅಂದ್ರೆ ಮುದ್ದೆ. ಹಳ್ಳಿ ಊಟ ಅಂತ ಬೋರ್ಡ್ ಹಾಕಿರೋ ಕಡೆ ವಿಚಾರಿಸಿ. ಬೇಸಿಗೆಯಲ್ಲಿ ರಸ್ತೆ ಬದಿ ಗಾಡಿಯಲ್ಲಿ ಕೂಳ್ ಮಾರ್ತಾರೆ, ಅದು ನಮ್ಮ ರಾಗಿ ಅಂಬಲಿಯೇ. ಕಚ್ಚಿಕೊಳ್ಳೋಕೆ ಮಜ್ಜಿಗೆ ಮೆಣಸಿನಕಾಯಿ ಕೊಡ್ತಾರೆ. ಬೆಂಗಳೂರಿನ ದೊನ್ನೆ ಬಿರಿಯಾನಿ ನೆನೆಸ್ಕೊಂಡು ಕೊರಗೋರು 'ಸೀರಗ ಸಂಬಾ' ಅಂತ ಬರೆದಿರೋ ದಿಂಡುಗಲ್ ಬಿರಿಯಾನಿ ಅಂಗಡಿ ನೋಡಿ, ದೊನ್ನೆಯಲ್ಲಿ ಬರೋ ಆ ಚಿಕ್ಕ ಅಕ್ಕಿ ಅದೇ ಜೀರಿಗೆ ಸಾಂಬಾ. ಜೋಳದ ರೊಟ್ಟಿಗೆ ಮಾತ್ರ ನನ್ನ ಹತ್ರ ಉತ್ತರ ಇಲ್ಲ. ಊರಿಂದ ಕಟಕ್ ರೊಟ್ಟಿ ತರಿಸ್ಕೊಳ್ಳಿ.

ಸಾಂಬಾರ್ ಬಗ್ಗೆ ಒಂದು ಮಾತು. 'ಇವರ ಸಾಂಬಾರಿಗೆ ಬೆಲ್ಲ ಇಲ್ಲ' ಅಂತ ಹತ್ತು ವರ್ಷ ಇದ್ದೋರೂ ಹೇಳ್ತಾರೆ. ಇಲ್ಲ, ಅದು ಅವರ ಸಾಂಬಾರು. ಉಡುಪಿ ಸಾಂಬಾರ್ ಚೆನ್ನೈಗೆ ಹೊಸದೂ ಅಲ್ಲ. ಕಡಂದಲೆಯಿಂದ ಬಂದ ಕೆ. ಕೃಷ್ಣ ರಾವ್ 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಶುರು ಮಾಡಿದ್ರು. ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಮುಚ್ಚಿದ್ದು 2008ರಲ್ಲಿ. ಆ ಜಾಗದಲ್ಲೇ ಈಗಿನ ಸೆಮ್ಮೊಳಿ ಪೂಂಗಾ ಇದೆ. ಈಗ 'ಉಡುಪಿ' ಅಂತ ಬೋರ್ಡಿರೋ ಕಡೆಯೆಲ್ಲ ಉಡುಪಿಯವರೇ ಇರ್ತಾರೆ ಅನ್ನೋ ಹಾಗಿಲ್ಲ. ಗಲ್ಲಾದಲ್ಲಿರೋರ ಹತ್ರ ಒಂದು ಮಾತು ತುಳುವಲ್ಲೋ ಕನ್ನಡದಲ್ಲೋ ಆಡಿ ನೋಡಿ. ಉತ್ತರ ಬಂತೋ, ನಿಮಗೊಂದು ಮನೆ ಸಿಕ್ಕ ಹಾಗೆ. ಬರಲಿಲ್ವೋ, ತಮಿಳು ಸಾಂಬಾರ್ ತಿನ್ನಿ, ಅದೂ ಚೆನ್ನಾಗಿರುತ್ತೆ.

ಹೊತ್ತು ಕೂಡ ಗೊತ್ತಿರಬೇಕು. ಬೆಂಗಳೂರಲ್ಲಿ ದರ್ಶಿನಿಗೆ ಯಾವಾಗ ಹೋದ್ರೂ ಮಸಾಲೆ ದೋಸೆ ಸಿಗುತ್ತೆ. ಇಲ್ಲಿ ಸಾಂಪ್ರದಾಯಿಕ ಹೋಟೆಲುಗಳಲ್ಲಿ ಮಧ್ಯಾಹ್ನ ಕಲ್ಲು ಆರಿರುತ್ತೆ, ಊಟ ಮಾತ್ರ. ಮತ್ತೆ ಟಿಫನ್ ಶುರುವಾಗೋದು ಸಂಜೆ. ಪರೋಟ, ಕೊತ್ತು ಪರೋಟ ರಾತ್ರಿಯ ವ್ಯವಹಾರ. ಬಿರಿಯಾನಿ ಭಾನುವಾರ 12ರಿಂದ 1ರೊಳಗೆ, ದಮ್ ಬಿಚ್ಚಿದ ಹೊಸದರಲ್ಲಿ. ಸಂಜೆ 5ಕ್ಕೆ ಬಿರಿಯಾನಿ ತಿಂದು 'ಒಣಗಿತ್ತು' ಅಂತ ಬರೆಯೋರ ರಿವ್ಯೂ ಕೂಡ ಪಕ್ಕಕ್ಕಿಡಿ.

ಮೀನು ತಿನ್ನೋರು ಇದನ್ನ ಗಮನವಿಟ್ಟು ಓದಿ. ಕಡಲ ಪಕ್ಕ ಇದೀವಿ ಅಂದ್ರೆ ದಿನಾ ತಾಜಾ ಮೀನು ಅಂತಲ್ಲ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಒಟ್ಟು 61 ದಿನ, ಯಾಂತ್ರಿಕ ಬೋಟುಗಳು ಸಮುದ್ರಕ್ಕೆ ಇಳಿಯೋ ಹಾಗಿಲ್ಲ, ಮೀನು ಮರಿ ಮಾಡೋ ಕಾಲ. ನಮ್ಮ ಮಂಗಳೂರು, ಮಲ್ಪೆ, ಕಾರವಾರದ ಕಡೆ ಅದೇ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ. ಅಂದ್ರೆ ಮೇ ತಿಂಗಳಲ್ಲಿ ಚೆನ್ನೈ ಹೋಟೆಲಿನ ದೊಡ್ಡ ವಂಜರಂ ತುಂಡು ಪಶ್ಚಿಮ ಕರಾವಳಿಯಿಂದ ಐಸಲ್ಲಿ ಬಂದಿರಬಹುದು, ಇಲ್ಲವೇ ಫ್ರೀಜರಲ್ಲಿ ಇದ್ದದ್ದಿರಬಹುದು. ಆಗ ಸಣ್ಣ ದೋಣಿಯವರು ದಡದ ಹತ್ತಿರ ಹಿಡಿದ ಚಿಕ್ಕ ಮೀನು ಕೇಳೋದು ವಾಸಿ. ಬೆಸೆಂಟ್ ನಗರದ ಉತ್ತರ ತುದಿಯಲ್ಲೇ ಊರೂರು ಓಲ್ಕಾಟ್ ಕುಪ್ಪಂ ಇದೆ, ಮೀನುಗಾರರ ಊರು. ಟಿ.ಎಂ. ಕೃಷ್ಣ ಮತ್ತು ಗೆಳೆಯರು 2015ರಲ್ಲಿ ಸಂಗೀತದ ಹಬ್ಬ ಶುರು ಮಾಡಿದ್ದು ಇಲ್ಲೇ. ಬೆಳಗ್ಗೆ ಆ ಕಡೆ ಒಂದು ಸುತ್ತು ಹಾಕಿದ್ರೆ ಅವತ್ತು ಏನು ಬಂದಿದೆ ಕಣ್ಣಿಗೇ ಕಾಣುತ್ತೆ, ಮಧ್ಯಾಹ್ನ ಹೋಟೆಲಲ್ಲಿ ಅದನ್ನೇ ಕೇಳಬಹುದು.

ಹೆಸರುಗಳು ಬೇಕಲ್ಲ: ಅಂಜಲ್ ಇಲ್ಲಿ ವಂಜರಂ. ಮಾಂಜಿ ವವ್ವಾಲ್. ಬಂಗುಡೆ ಕಾನಾಂಗೆಳುತ್ತಿ, ಮೊದಲ ಸಲ ಹೇಳೋಕೆ ನಾಲಿಗೆ ಹೊರಳಲ್ಲ, ಬೆರಳು ತೋರಿಸಿ. ಬೂತಾಯಿ ಮತ್ತಿ. ನಮ್ಮ ಕಾಣೆ ಮೀನು ಇಲ್ಲಿ ಕಿಳಂಗಾನ್, ಇದು ಗೊತ್ತಾದ ದಿನ ನನ್ನ ಕುಂದಾಪುರದ ರೂಮ್‌ಮೇಟ್ ಮುಖ ನೋಡಬೇಕಿತ್ತು. ವಂಜರಂ ದುಬಾರಿ ಮೀನು, ಹೆಸರು ಗೊತ್ತಿರೋದ್ರಿಂದ ಎಲ್ಲರೂ ಅದನ್ನೇ ಕೇಳ್ತಾರೆ. ಮತ್ತಿ, ಕಿಳಂಗಾನ್ ಕೇಳಿದ್ರೆ ದುಡ್ಡೂ ಉಳಿಯುತ್ತೆ, ಮೀನೂ ತಾಜಾ ಇರೋ ಸಾಧ್ಯತೆ ಹೆಚ್ಚು.

ಇನ್ನು ರುಚಿಗಿಂತ ದೊಡ್ಡ ವಿಷಯ. ನಮ್ಮ ಟೀಮಲ್ಲಿ ದಾವಣಗೆರೆಯ ಹುಡುಗ ಒಬ್ಬನಿದ್ದ, ಮೊದಲ ಕೆಲಸ, ಇನ್ನೂ ಪ್ರೊಬೇಷನ್. ಮೂರು ಹೊತ್ತೂ ಹೊರಗಡೆ ಊಟ. ಒಂದು ದಿನ ಕಣ್ಣು ಹಳದಿ. ಹೆಪಟೈಟಿಸ್ ಎ, ಅಂದ್ರೆ ಕಾಮಾಲೆ. ಊರಿಗೆ ಹೋದವನು ವಾಪಸ್ ಬರೋಕೆ ಎರಡು ತಿಂಗಳಾಯ್ತು, ಪ್ರೊಬೇಷನ್ ಮುಂದಕ್ಕೆ ಹೋಯ್ತು. ಅವರಮ್ಮ ಫೋನಲ್ಲಿ ನನ್ನನ್ನ ಕೇಳಿದ್ದು ಒಂದೇ: 'ಅಲ್ಲಪ್ಪಾ, ಅಲ್ಲಿ ತಿನ್ನಾಕ ಒಂದು ಚಲೋ ಜಾಗ ಇಲ್ಲೇನು?' ಯಾವ ಹೋಟೆಲಿಂದ ಬಂತು ಅಂತ ಅವನಿಗೂ ಗೊತ್ತಾಗಲಿಲ್ಲ. ಗೊತ್ತಾಗೋದೂ ಕಷ್ಟ, ಯಾಕಂದ್ರೆ ಈ ವೈರಸ್ ಒಳಗೆ ಹೋದ ಮೇಲೆ ಲಕ್ಷಣ ಕಾಣೋಕೆ ಎರಡರಿಂದ ಏಳು ವಾರ ಹಿಡಿಯಬಹುದು. ಅಷ್ಟರಲ್ಲಿ ನೀವು ನೂರು ಕಡೆ ತಿಂದಿರ್ತೀರಿ. ಕೆಟ್ಟ ನೀರು, ತೊಳೆಯದ ಕೈ, ಇವೇ ದಾರಿ. ಇದಕ್ಕೆ ಲಸಿಕೆ ಇದೆ, ಹೊರಗಡೆ ತಿನ್ನೋದೇ ಜೀವನ ಅನ್ನೋರು ಡಾಕ್ಟರ್ ಹತ್ರ ಒಮ್ಮೆ ಕೇಳಿ.

ಹೋಟೆಲಲ್ಲಿ ನಾನು ನೋಡೋದು ಹೀಗೆ. ಮೊದಲು ಕೈ ತೊಳೆಯೋ ಜಾಗ. ಅಲ್ಲಿ ಸೋಪು, ನೀರು ಸರಿಯಾಗಿದ್ರೆ ಅಡುಗೆಮನೆಯಲ್ಲೂ ಇರೋ ಸಾಧ್ಯತೆ ಇದೆ. ಆಮೇಲೆ ಬಿಸಿ. ಅಡುಗೆ 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲಿದ್ರೆ ಬ್ಯಾಕ್ಟೀರಿಯಾ ಬೆಳೆಯಲ್ಲ, 5ಕ್ಕಿಂತ ಕೆಳಗೆ ಫ್ರಿಜ್ಜಲ್ಲಿದ್ರೆ ಬೆಳವಣಿಗೆ ನಿಧಾನ. ನಡುವೆ ಇರೋದೇ ಅಪಾಯ. ಈ ಲೆಕ್ಕದಲ್ಲಿ ಹೊಗೆಯಾಡೋ ಸಾಂಬಾರು ಸುರಕ್ಷಿತ, ಬೆಳಗ್ಗೆ ರುಬ್ಬಿ ಮಧ್ಯಾಹ್ನದವರೆಗೂ ಬಕೆಟ್ಟಲ್ಲಿ ಕೂತಿರೋ ಕಾಯಿ ಚಟ್ನಿ ಅನುಮಾನ. ಚೆನ್ನೈ ಸೆಖೆಯಲ್ಲಿ ತೆಂಗಿನಕಾಯಿ ಎಷ್ಟು ಬೇಗ ಕೆಡುತ್ತೆ ನಿಮಗೇ ಗೊತ್ತು. ನೀರಿಗೆ 'ಸುಡು ತಣ್ಣಿ' ಕೇಳಿ. ಇಲ್ಲಿ ಬಿಸಿನೀರು ಕೇಳೋದು ವಿಚಿತ್ರ ಅಲ್ಲ, ಎಷ್ಟೋ ಜನ ಕೇಳ್ತಾರೆ. ಕರೆಯೋಕೆ 'ಅಣ್ಣಾ' ಸಾಕು, ಎರಡೂ ಭಾಷೆಗೆ ಒಂದೇ.

ಬಿಲ್ಲಲ್ಲಿ ಒಂದು ಸಣ್ಣ ಪತ್ತೇದಾರಿ ಕೆಲಸ ಇದೆ, ಇದು ನನಗೆ ತುಂಬ ಇಷ್ಟ. 2022ರ ಜನವರಿ 1ರಿಂದ ಬಿಲ್ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇರಲೇಬೇಕು. 14 ಅಂಕಿ. ಮೊದಲನೆಯದು 1 ಆಗಿದ್ರೆ ಲೈಸೆನ್ಸು, 2 ಆಗಿದ್ರೆ ಸಣ್ಣ ವ್ಯಾಪಾರದ ನೋಂದಣಿ. ಮುಂದಿನ ಎರಡು ರಾಜ್ಯ: ತಮಿಳುನಾಡು 24, ನಮ್ಮ ಕರ್ನಾಟಕ 12. ಅದರ ಮುಂದಿನ ಎರಡು ಆ ನಂಬರ್ ಕೊಟ್ಟ ವರ್ಷ. 12414 ಅಂತ ಶುರುವಾದ್ರೆ ತಮಿಳುನಾಡಿನ 2014ರ ಲೈಸೆನ್ಸು. ಇಷ್ಟು ವರ್ಷ ಇದೇ ಏರಿಯಾದಲ್ಲಿ ಬಾಗಿಲು ತೆಗೆದಿದ್ದಾರೆ ಅಂದ್ರೆ ಅದಕ್ಕೊಂದು ಅರ್ಥ ಇದೆ. 'ಸಿನ್ಸ್ 1985' ಅಂತ ಬೋರ್ಡು ಹಾಕ್ಕೊಂಡು ನಂಬರ್ ಮಾತ್ರ ಹೋದ ವರ್ಷದ್ದಾಗಿದ್ರೆ, ನಕ್ಕು ಕಾಫಿ ಕುಡಿದು ಬನ್ನಿ. ಮಾಲೀಕರು ಬದಲಾಗಿ ಹೊಸ ನಂಬರ್ ಬಂದಿರಲೂಬಹುದು. ನಂಬರೇ ಇಲ್ಲ ಅಂದ್ರೆ ಮಾತ್ರ ಯೋಚ್ನೆ ಮಾಡಿ.

ಅಪ್ಪ ಅಮ್ಮ ಊರಿಂದ ಬಂದಾಗ ಈ ಹುಡುಕಾಟದ ಬೆಲೆ ಗೊತ್ತಾಗುತ್ತೆ. ಅವರಿಗೆ ಶುಗರ್ ಇರುತ್ತೆ, ಈರುಳ್ಳಿ ಬೆಳ್ಳುಳ್ಳಿ ತಿನ್ನದ ವಾರ ಇರುತ್ತೆ, ಖಾರ ಆಗಲ್ಲ. ಅವರನ್ನ ಕರ್ಕೊಂಡು ಅಷ್ಟಲಕ್ಷ್ಮಿ ದೇವಸ್ಥಾನ, ಬೀಚು ಎಲ್ಲ ಸುತ್ತಿಸಿ ರಾತ್ರಿ 8ಕ್ಕೆ ಎಲ್ಲಿ ಊಟ ಅಂತ ಫೋನ್ ತೆಗೆದ್ರೆ ಆಗಲ್ಲ. ಮೊದಲೇ ನೀವು ಎರಡು ಸಲ ತಿಂದು ನೋಡಿದ ಜಾಗ ಇಟ್ಕೊಂಡಿರಬೇಕು. 'ಕಾರಂ ಕಮ್ಮಿ', 'ಸಕ್ಕರೈ ಇಲ್ಲಾಮ' ಅಂದ್ರೆ ಅರ್ಥ ಆಗುತ್ತೆ. ಹೆಚ್ಚು ತಿನ್ನದವರಿಗೆ 'ಅಳವು ಸಾಪ್ಪಾಡು', ಅಂದ್ರೆ ಅಳತೆ ಊಟ. ಫುಲ್ ಮೀಲ್ಸ್ ತಗೊಂಡು ಅಮ್ಮ ಅರ್ಧ ಎಲೆ ಬಿಟ್ಟು ಅಲ್ಲೇ ಬೇಜಾರು ಮಾಡ್ಕೊಳ್ಳೋದು ತಪ್ಪುತ್ತೆ.

ಬೇರೆ ಊರಿನವರಿಗೆ ಎರಡು ಮಾತು. ಮುಂಬೈನ ಜುಹು, ವರ್ಸೋವಾ ಕಡೆ ಇರೋರಿಗೂ ಇದೇ ವಿಧಾನ ನಡೆಯುತ್ತೆ. ಮೀನಿನ ನಿಷೇಧಕ್ಕೆ ಪಶ್ಚಿಮ ಕರಾವಳಿಯ ತಾರೀಖು ಹಿಡೀರಿ, ಎಫ್‌ಎಸ್‌ಎಸ್‌ಎಐ ರಾಜ್ಯದ ಅಂಕಿ 15. ಮತ್ತೆ ನೀವು ಅದೃಷ್ಟವಂತರು, ಒಂದು ಲೋಕಲ್ ಹಿಡಿದ್ರೆ ಮಾಟುಂಗಾ. ಅಲ್ಲಿನ ರಾಮ ನಾಯಕ್ ಅವರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಎಲೆ ಹಾಕಿ ಬಡಿಸ್ತಿದೆ.

ಚೆನ್ನೈನವರು ಈ ಶನಿವಾರ ಇಷ್ಟು ಮಾಡಿ. ಬೆಳಗ್ಗೆ 7ಕ್ಕೆ ಮನೆಯಿಂದ ಒಂದು ಕಿಲೋಮೀಟರ್ ಒಳಗೆ ನಡ್ಕೊಂಡು ಹೋಗಿ, ವಾಕಿಂಗ್ ಮುಗಿಸಿದ ಹಿರಿಯರು ಎಲ್ಲಿ ಕೂತು ಕಾಫಿ ಕುಡೀತಿದ್ದಾರೆ ನೋಡಿ, ಅಲ್ಲೇ ಎರಡು ಇಡ್ಲಿ ಹೇಳಿ. ಇಡ್ಲಿ ಚೆನ್ನಾಗಿದ್ರೆ ಮಧ್ಯಾಹ್ನದ ಊಟಕ್ಕೂ ಒಮ್ಮೆ ಹೋಗಿ. ಎರಡೂ ಸರಿಬಂದ್ರೆ ಗಲ್ಲಾದಲ್ಲಿ ತಿಂಗಳ ಲೆಕ್ಕ ಉಂಟಾ ಅಂತ ಕೇಳಿ. ಸಣ್ಣ ಮೆಸ್ಸುಗಳಲ್ಲಿ ಹಲವರು ಒಪ್ಕೋತಾರೆ, ಆದ್ರೆ ಮೊದಲು ಒಂದೇ ವಾರಕ್ಕೆ ದುಡ್ಡು ಕೊಡಿ.